ಸಾಫ್ಟ್‌ವೇರ್ ಕೂಡ ಅಮಾನತ್

(ಟ್ರಸ್ಟಿನ ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ, ಕಂಪ್ಯೂಟರ್ ತರಬೇತಿ ಕೇಂದ್ರದ ಸಮಿತಿ ಸದಸ್ಯೆಯೂ ನಿವೃತ್ತ ಪ್ರೌಢಶಾಲಾ ಶಿಕ್ಷಕಿಯೂ ಆಗಿರುವವರು ಮಾಡಿದ ಭಾಷಣದ ಲಿಖಿತ ರೂಪ)



ಶಿಕ್ಷಣದ ಮಹತ್ವದ ಬಗ್ಗೆ ಈ ವೇದಿಕೆಯಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಮಾತನಾಡುತ್ತಾರೆ. ಈ ಸಲ ನಾನು ಆ ವಿಷಯಕ್ಕೆ ಹೋಗುವುದಿಲ್ಲ. ನಮ್ಮ ಕಂಪ್ಯೂಟರ್ ಕೇಂದ್ರ ಈ ವರ್ಷ ಎರಡು ತಿಂಗಳು ಬಾಗಿಲು ಹಾಕಿತ್ತು. ಯಾಕೆ ಎಂದು ಅನೇಕ ತಾಯಂದಿರು ನನ್ನನ್ನು ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಕೇಳಿದ್ದಾರೆ. ಅಲ್ಲಿ ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ಅದಾಗಿರಲಿಲ್ಲ. ಇವತ್ತು ಹೇಳುತ್ತೇನೆ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಮೊದಲು ಹೇಳಿಬಿಟ್ಟರೆ ಉಳಿದದ್ದು ಸುಲಭ.

ನಮ್ಮ ಕೇಂದ್ರದಲ್ಲಿ ಕಲಿತು, ಸಿವಿಲ್ ಡಿಪ್ಲೊಮಾ ಮುಗಿಸಿದ ಒಬ್ಬ ಹುಡುಗ ಬೆಂಗಳೂರಿನಲ್ಲಿ ಒಂದು ಸಣ್ಣ ವಿನ್ಯಾಸ ಕಚೇರಿಗೆ ಸೇರಿದ. ಮನೆಗೆ ಅವನೇ ಹಿರಿಯ ಮಗ. ಆ ಕಚೇರಿಯಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರಿಗೆ ನಾಲ್ಕು ಲೈಸೆನ್ಸ್ ಇತ್ತು, ಕೆಲಸ ಮಾಡುವವರು ಐದು ಮಂದಿ. ಒಂದು ರಾತ್ರಿ ತುರ್ತಾಗಿ ನಕ್ಷೆ ಮುಗಿಸಬೇಕಾಗಿ ಬಂದಾಗ ಇವನು ತನ್ನ ಪೆನ್‌ಡ್ರೈವಿನಲ್ಲಿದ್ದ ಪ್ರತಿಯನ್ನು ಐದನೇ ಕಂಪ್ಯೂಟರಿಗೆ ಹಾಕಿದ. ಕೆಲಸ ಮುಗಿಯಿತು, ಎಲ್ಲರೂ ಮೆಚ್ಚಿದರು. ಕೆಲವು ತಿಂಗಳ ನಂತರ ಆ ಕಚೇರಿಗೆ ನೋಟಿಸ್ ಬಂತು. ಮಾಲೀಕರು ಹಣ ಕಟ್ಟಿ ರಾಜಿ ಮಾಡಿಕೊಂಡರು, ಹುಡುಗನ ಕೆಲಸ ಹೋಯಿತು.

ಅವನು ಊರಿಗೆ ಬಂದಾಗ ನನ್ನ ಮನೆಗೆ ಬಂದ. ಯಾರ ಮೇಲೂ ದೂರು ಹೇಳಲಿಲ್ಲ. ಚಹಾ ಕುಡಿದು ಹೊರಡುವಾಗ ಒಂದು ಮಾತು ಹೇಳಿದ: "ಟೀಚರ್, ಆ ಪೆನ್‌ಡ್ರೈವ್ ನಮ್ಮ ಕೇಂದ್ರದಿಂದ ತೆಗೆದುಕೊಂಡು ಹೋದದ್ದು. ಅದು ತಪ್ಪು ಅಂತ ಅಲ್ಲಿ ಯಾರೂ ನನಗೆ ಹೇಳಿರಲಿಲ್ಲ."

ಮರುದಿನ ನಾನು ಕೇಂದ್ರಕ್ಕೆ ಹೋಗಿ ದಾಸ್ತಾನು ಪುಸ್ತಕ ತೆಗೆಸಿದೆ. 16 ಕಂಪ್ಯೂಟರ್, 16 ಮೇಜು, ಕುರ್ಚಿ, ಯುಪಿಎಸ್, ಫ್ಯಾನು, ಪೊರಕೆ ಕೂಡ ಬರೆದಿತ್ತು. ಸಾಫ್ಟ್‌ವೇರ್ ಎಂಬ ಕಲಂ ಮಾತ್ರ ಇರಲಿಲ್ಲ. ಖರ್ಚಿನ ಚೀಟಿಗಳಲ್ಲಿ ಹುಡುಕಿದಾಗ ರಿಪೇರಿಯವರಿಗೆ "ಸಾಫ್ಟ್‌ವೇರ್ ಹಾಕಿದ ಬಾಬ್ತು" ಕಂಪ್ಯೂಟರಿಗೆ 300 ರೂಪಾಯಿಯಂತೆ ಕೊಟ್ಟ ಒಂದು ವೋಚರ್ ಸಿಕ್ಕಿತು. ಅದರ ಕೆಳಗೆ ಇದ್ದ ಸಹಿ ನನ್ನದು. 30 ವರ್ಷಕ್ಕೂ ಹೆಚ್ಚು ಕಾಲ ಮಕ್ಕಳು ಪರೀಕ್ಷೆಯಲ್ಲಿ ನಕಲು ಮಾಡದಂತೆ ಕಾವಲು ನಿಂತವಳು ನಾನು. ನನ್ನ ಸಹಿಯ ಕೆಳಗೇ 16 ನಕಲು ಪ್ರತಿಗಳು ಓಡುತ್ತಿದ್ದವು.

ಇನ್ನು ವಿಷಯಕ್ಕೆ ಬರುತ್ತೇನೆ. ಕಂಪ್ಯೂಟರ್ ಅಂಗಡಿಯಿಂದ ಕೊಂಡರೆ ಅದು ನಮ್ಮದು. ಸಾಫ್ಟ್‌ವೇರ್ ಹಾಗಲ್ಲ. ದುಡ್ಡು ಕೊಟ್ಟಾಗ ನಮಗೆ ಸಿಗುವುದು ಅದನ್ನು ಬಳಸುವ ಅನುಮತಿ. ಎಷ್ಟು ಜನ, ಎಷ್ಟು ಯಂತ್ರದಲ್ಲಿ, ಎಷ್ಟು ಕಾಲ, ಯಾವ ಉದ್ದೇಶಕ್ಕೆ ಬಳಸಬಹುದು ಎಂದು ಬರೆದ ಕರಾರೇ ಲೈಸೆನ್ಸ್. ಇನ್‌ಸ್ಟಾಲ್ ಮಾಡುವಾಗ ಪರದೆಯ ಮೇಲೆ ಉದ್ದನೆಯ ಬರಹ ಬರುತ್ತದಲ್ಲ, ನಾವು ಓದದೆ "ಒಪ್ಪಿದ್ದೇನೆ" ಎಂದು ಒತ್ತುತ್ತೇವಲ್ಲ, ಅದೇ ಆ ಕರಾರು. ಒತ್ತಿದ ಮೇಲೆ ನಾವು ಮಾತು ಕೊಟ್ಟ ಹಾಗೆ.

ನಕ್ಷೆ ಬಿಡಿಸಲು ನಮ್ಮ ಮಕ್ಕಳು ಹೆಚ್ಚಾಗಿ ಕಲಿಯುವುದು ಆಟೋಕ್ಯಾಡ್. ಅಮೆರಿಕದ ಆಟೋಡೆಸ್ಕ್ ಕಂಪನಿ 1982ರಲ್ಲಿ ಇದನ್ನು ಹೊರತಂದಿತು. ಬೆಂಗಳೂರಿರಲಿ, ದುಬೈ ಇರಲಿ, ಜುಬೈಲ್ ಇರಲಿ, ಡ್ರಾಫ್ಟ್ಸ್‌ಮನ್ ಕೆಲಸಕ್ಕೆ ಹೋದರೆ ಮೊದಲು ಕೇಳುವುದು ಇದನ್ನೇ. ಹಿಂದೆ ಒಂದು ಸಲ ಹಣ ಕೊಟ್ಟು ಕೊಂಡರೆ ಆ ಆವೃತ್ತಿಯನ್ನು ಎಷ್ಟು ವರ್ಷವಾದರೂ ಬಳಸಬಹುದಿತ್ತು. 2016ರಿಂದ ಆ ಕಂಪನಿ ಅಂತಹ ಕಾಯಂ ಲೈಸೆನ್ಸ್ ಹೊಸದಾಗಿ ಮಾರುವುದನ್ನು ನಿಲ್ಲಿಸಿತು. ಈಗ ಪತ್ರಿಕೆಗೆ ಚಂದಾ ಕಟ್ಟಿದ ಹಾಗೆ ತಿಂಗಳಿಗೋ ವರ್ಷಕ್ಕೋ ಕಟ್ಟಬೇಕು. ಫೋಟೋಶಾಪ್ ತಯಾರಿಸುವ ಅಡೋಬಿ ಕಂಪನಿ 2013ರಲ್ಲೇ ಈ ದಾರಿ ಹಿಡಿದಿತ್ತು. ಚಂದಾ ಮುಗಿದರೆ ಸಾಫ್ಟ್‌ವೇರ್ ನಿಲ್ಲುತ್ತದೆ. ನೀವು ಬಿಡಿಸಿದ ನಕ್ಷೆಯ ಫೈಲ್ ಮಾತ್ರ ನಿಮ್ಮದೇ ಆಗಿ ಉಳಿಯುತ್ತದೆ.

ಲೈಸೆನ್ಸಿನಲ್ಲಿ ಮುಖ್ಯವಾಗಿ ಎರಡು ಬಗೆ. ನಾನು ಗಣಿತದ ಟೀಚರ್, ಜಾಮಿಟ್ರಿ ಬಾಕ್ಸಿನ ಉದಾಹರಣೆ ಕೊಡುತ್ತೇನೆ. ಮಗುವಿಗೆ ಅಪ್ಪ ಒಂದು ಬಾಕ್ಸ್ ತೆಗೆದುಕೊಡುತ್ತಾರೆ, ಅದರ ಮೇಲೆ ಅವನ ಹೆಸರು ಬರೆದಿರುತ್ತದೆ. ಶಾಲೆಗೂ ತರಬಹುದು, ಮನೆಯಲ್ಲೂ ಬಳಸಬಹುದು, ಆದರೆ ಅದು ಅವನೊಬ್ಬನದೇ. ಒಬ್ಬರ ಹೆಸರಿನ ಲೈಸೆನ್ಸ್ ಎಂದರೆ ಹೀಗೆ. ಆಟೋಡೆಸ್ಕಿನ ಚಂದಾದಲ್ಲಿ ಒಬ್ಬ ವ್ಯಕ್ತಿ ಮೂರು ಕಂಪ್ಯೂಟರಿನವರೆಗೆ ಇನ್‌ಸ್ಟಾಲ್ ಮಾಡಿಕೊಳ್ಳಬಹುದು, ಆದರೆ ಒಂದು ಹೊತ್ತಿಗೆ ಒಂದರಲ್ಲಿ ಮಾತ್ರ ಬಳಸಬೇಕು. ತನ್ನ ಇಮೇಲ್ ಮತ್ತು ಪಾಸ್‌ವರ್ಡ್ ಹಾಕಿ ಸೈನ್ ಇನ್ ಆಗಬೇಕು. ಮನೆಯಲ್ಲಿ ಇಂಟರ್‌ನೆಟ್ ಇಲ್ಲದ ಮಕ್ಕಳು ಹೆದರಬೇಕಿಲ್ಲ, 30 ದಿನಕ್ಕೊಮ್ಮೆ ನೆಟ್ ಸಿಕ್ಕಿದರೆ ಸಾಕು, ನಡುವೆ ನೆಟ್ ಇಲ್ಲದೆಯೂ ಕೆಲಸ ಮಾಡಬಹುದು. ಆದರೆ ಆ ಪಾಸ್‌ವರ್ಡನ್ನು ಗೆಳೆಯರಿಗೆ ಹಂಚುವುದು ಕರಾರಿನಲ್ಲಿ ಇಲ್ಲ.

ಎರಡನೆಯದು ಶಾಲೆಯ ಬೀರುವಿನಲ್ಲಿದ್ದ ಬಾಕ್ಸ್. ನನ್ನ ತರಗತಿಯಲ್ಲಿ 40 ಮಕ್ಕಳಿಗೆ ಶಾಲೆಯದು ಹತ್ತೇ ಬಾಕ್ಸ್ ಇದ್ದವು. ಬೇಕಾದವರು ಬಂದು ತೆಗೆದುಕೊಂಡು ಹೋಗುತ್ತಿದ್ದರು, ಮುಗಿದ ಮೇಲೆ ತಂದಿಡುತ್ತಿದ್ದರು. ಹನ್ನೊಂದನೆಯವನು ಕಾಯಬೇಕು. ಜಾಲದ ಲೈಸೆನ್ಸ್ ಎಂದರೆ ಇದು, ಇಂಗ್ಲಿಷಿನಲ್ಲಿ ನೆಟ್‌ವರ್ಕ್ ಲೈಸೆನ್ಸ್ ಎನ್ನುತ್ತಾರೆ. ಲ್ಯಾಬಿನ ಎಲ್ಲ ಕಂಪ್ಯೂಟರಿನಲ್ಲೂ ಸಾಫ್ಟ್‌ವೇರ್ ಇರುತ್ತದೆ, ಆದರೆ ಬೀರುವಿನ ಕೀಲಿ ಒಂದು ಸರ್ವರ್ ಕಂಪ್ಯೂಟರಿನ ಕೈಯಲ್ಲಿರುತ್ತದೆ. ಸಾಫ್ಟ್‌ವೇರ್ ತೆರೆದ ಕೂಡಲೇ ಅದು ಸರ್ವರನ್ನು ಕೇಳುತ್ತದೆ. ಖಾಲಿ ಲೈಸೆನ್ಸ್ ಇದ್ದರೆ ಕೊಡುತ್ತದೆ, ಇಲ್ಲದಿದ್ದರೆ ಇಲ್ಲ ಎನ್ನುತ್ತದೆ. ಮುಚ್ಚಿದಾಗ ಅದು ಮರಳಿ ಬೀರುವಿಗೆ ಸೇರುತ್ತದೆ. ಈ ಲೆಕ್ಕ ನೋಡಿಕೊಳ್ಳುವ ಮೇಲ್ವಿಚಾರಕನಿಗೆ ಲೈಸೆನ್ಸ್ ಮ್ಯಾನೇಜರ್ ಎಂದು ಹೆಸರು. ಫ್ಲೆಕ್ಸ್‌ನೆಟ್ ಎಂಬುದು ಬಹಳ ಕಡೆ ಬಳಕೆಯಲ್ಲಿದೆ.

ಇಲ್ಲಿ ಲ್ಯಾಬ್ ನೋಡಿಕೊಳ್ಳುವವರಿಗೆ ಎರಡು ಮಾತು. ಲೈಸೆನ್ಸ್ ಫೈಲಿನಲ್ಲಿ ಸರ್ವರ್ ಕಂಪ್ಯೂಟರಿನ ಹೆಸರು, ಅದರ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ ಬರೆದಿರುತ್ತದೆ. ಆ ಕಾರ್ಡೋ ಮದರ್‌ಬೋರ್ಡೋ ಬದಲಾದರೆ ಲೈಸೆನ್ಸ್ ಕೆಲಸ ಮಾಡುವುದಿಲ್ಲ, ಹೊಸ ಫೈಲ್ ತರಿಸಬೇಕು. ಆದ್ದರಿಂದ ಹಳೆಯ, ಕರೆಂಟು ಹೋದಾಗಲೆಲ್ಲ ಆರಿಹೋಗುವ ಕಂಪ್ಯೂಟರನ್ನು ಸರ್ವರ್ ಮಾಡಬಾರದು. ಸರ್ವರ್ ನಿಂತರೆ ಇಡೀ ತರಗತಿ ನಿಲ್ಲುತ್ತದೆ. ಎರಡನೆಯದು, ಎಲ್ಲ ಸರಿಯಿದ್ದೂ ಲೈಸೆನ್ಸ್ ಸಿಗುತ್ತಿಲ್ಲ ಎಂದರೆ ಹೆಚ್ಚಾಗಿ ವಿಂಡೋಸಿನ ಫೈರ್‌ವಾಲ್ ದಾರಿಗೆ ಅಡ್ಡ ನಿಂತಿರುತ್ತದೆ. ಲೈಸೆನ್ಸ್ ಮ್ಯಾನೇಜರಿಗೆ ಬೇಕಾದ ಪೋರ್ಟುಗಳಿಗೆ ಮಾತ್ರ ಅನುಮತಿ ಕೊಡಬೇಕು, ಫೈರ್‌ವಾಲನ್ನೇ ಆರಿಸಿಡಬಾರದು.

ಆಟೋಡೆಸ್ಕ್ ಕಂಪನಿ 2020ರಿಂದ ವಾಣಿಜ್ಯ ಗ್ರಾಹಕರಿಗೆ ಜಾಲದ ಲೈಸೆನ್ಸನ್ನು ಹಂತಹಂತವಾಗಿ ಕೈಬಿಟ್ಟು, ಒಬ್ಬೊಬ್ಬರ ಹೆಸರಿಗೆ ಕೊಡುವ ಪದ್ಧತಿಗೆ ಬಂದಿದೆ. ಆದರೂ ಸಾಲಿಡ್‌ವರ್ಕ್ಸ್‌ನಂತಹ ಬೇರೆ ವಿನ್ಯಾಸ ಸಾಫ್ಟ್‌ವೇರ್‌ಗಳಲ್ಲಿ ಜಾಲದ ಪದ್ಧತಿ ಇದೆ. ಕೆಲಸಕ್ಕೆ ಹೋಗುವ ಮಕ್ಕಳು ಎರಡನ್ನೂ ತಿಳಿದಿರಬೇಕು. ಹೊಸ ಕಚೇರಿಗೆ ಸೇರಿದ ಮೊದಲ ದಿನವೇ "ಇಲ್ಲಿ ಎಷ್ಟು ಲೈಸೆನ್ಸ್ ಇದೆ, ಯಾರ ಹೆಸರಿನಲ್ಲಿದೆ?" ಎಂದು ವಿನಯದಿಂದ ಕೇಳಿ. ಕೇಳಿದ್ದರೆ ಆ ನಮ್ಮ ಹುಡುಗನ ಕೆಲಸ ಉಳಿಯುತ್ತಿತ್ತು.

ಕ್ರ್ಯಾಕ್ ಮಾಡಿದ ಪ್ರತಿ ಎಂದರೇನು? ಬೀಗ ಮುರಿದ ಪ್ರತಿ. ಅದನ್ನು ಹಾಕುವಾಗ ಮೊದಲು ಹೇಳುವುದೇ "ಆಂಟಿವೈರಸ್ ಆರಿಸಿ" ಎಂದು. ಮನೆಗೆ ಬಂದವನು "ನಾಯಿಯನ್ನು ಕಟ್ಟಿಹಾಕಿ, ದೀಪ ಆರಿಸಿ" ಎಂದರೆ ಒಳಗೆ ಬಿಡುತ್ತೀರಾ? ನಮ್ಮ 16 ಕಂಪ್ಯೂಟರುಗಳಲ್ಲಿ ಒಂದರಲ್ಲೂ ಆಂಟಿವೈರಸ್ ಚಾಲೂ ಇರಲಿಲ್ಲ. ಆಟೋಕ್ಯಾಡಿಗೆಂದೇ ಬರೆದ ವೈರಸ್‌ಗಳೂ ಇವೆ. ನಕ್ಷೆಯ ಫೋಲ್ಡರಿನಲ್ಲಿ ಒಂದು ಸಣ್ಣ ಫೈಲಾಗಿ ಕುಳಿತು, ನಕ್ಷೆಯ ಜೊತೆಗೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುತ್ತವೆ. 2012ರಲ್ಲಿ ಅಂತಹ ಒಂದು ಹುಳು ಮುಖ್ಯವಾಗಿ ಪೆರು ದೇಶದಲ್ಲಿ ಹರಡಿ, ಸಾವಿರಾರು ನಕ್ಷೆಗಳನ್ನು ಕದ್ದು ಚೀನಾದ ಇಮೇಲ್ ಖಾತೆಗಳಿಗೆ ಕಳಿಸುತ್ತಿದ್ದುದನ್ನು ಇಸೆಟ್ ಎಂಬ ಭದ್ರತಾ ಕಂಪನಿ ಪತ್ತೆ ಮಾಡಿತು. ಕ್ರ್ಯಾಕ್ ಪ್ರತಿ ಪುಕ್ಕಟೆ ಎಂದು ನಾವು ತಿಳಿದಿದ್ದೆವು. ಅದರ ಬೆಲೆ ಬೇರೆ ರೂಪದಲ್ಲಿ ಬರುತ್ತದೆ.

ಕಾನೂನು ಏನು ಹೇಳುತ್ತದೆ? ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಸಾಲಿನಲ್ಲೇ ಬರುತ್ತದೆ. ಅದರ 63-ಬಿ ಕಲಮಿನ ಪ್ರಕಾರ, ಕದ್ದ ಪ್ರತಿ ಎಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿಯೋ ವ್ಯಾಪಾರಕ್ಕಾಗಿಯೋ ಬಳಸಿದ್ದಲ್ಲ ಎಂದಾದರೆ ನ್ಯಾಯಾಲಯ ಜೈಲು ಶಿಕ್ಷೆ ಬಿಟ್ಟು 50 ಸಾವಿರದವರೆಗೆ ದಂಡ ಮಾತ್ರ ಹಾಕಬಹುದು. "ನಾವು ಧರ್ಮಾರ್ಥ ಸಂಸ್ಥೆ" ಎಂಬ ಮಾತಿನಿಂದ ದಂಡ ಕಡಿಮೆಯಾದೀತು, ತಪ್ಪು ಸರಿಯಾಗುವುದಿಲ್ಲ.

ನಮಗೆ ಕಾನೂನಿಗಿಂತ ಮೇಲಿನ ಲೆಕ್ಕವೂ ಇದೆ. "ಬರೀ ಪ್ರತಿ ಮಾಡಿದ್ದು, ಯಾರ ವಸ್ತುವೂ ಕಡಿಮೆಯಾಗಲಿಲ್ಲವಲ್ಲ" ಎಂದು ಸಮಿತಿಯಲ್ಲೇ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮ ಖತೀಬರಲ್ಲಿ ವಿಚಾರಿಸಿದೆವು. ಅವರು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು 1988ರಲ್ಲಿ ಕುವೈತಿನಲ್ಲಿ ಸೇರಿದಾಗ ಮಾಡಿದ ತೀರ್ಮಾನವನ್ನು ತಿಳಿಸಿದರು. ಗ್ರಂಥಕರ್ತರ, ಆವಿಷ್ಕಾರ ಮಾಡಿದವರ ಹಕ್ಕುಗಳು ಶರೀಅತ್ತಿನಲ್ಲೂ ಮಾನ್ಯವಾದ ಹಕ್ಕುಗಳು, ಅವುಗಳನ್ನು ಅತಿಕ್ರಮಿಸಕೂಡದು ಎಂಬುದು ಅದರ ಸಾರ. ಸೂರಾ ಅಲ್ ಮಾಇದಾ ಆರಂಭವಾಗುವುದೇ ಕರಾರುಗಳನ್ನು ಪಾಲಿಸಿರಿ ಎಂಬ ಆದೇಶದಿಂದ ಎಂದು ಅವರು ನೆನಪಿಸಿದರು. ಆ ಮೇಲೆ ಯಾರೂ ಮಾತನಾಡಲಿಲ್ಲ.

"ಬಡ ಮಕ್ಕಳು ಅಷ್ಟು ಹಣ ಎಲ್ಲಿಂದ ತರಬೇಕು?" ಎಂಬುದು ಇನ್ನೊಂದು ಪ್ರಶ್ನೆ. ಇದೂ ನ್ಯಾಯವಾದದ್ದೇ. ಬೆಲೆ ನಿಜಕ್ಕೂ ಹೆಚ್ಚು. ಆದರೆ ಹುಡುಕಿದಾಗ ನಮಗೆ ಗೊತ್ತಾದದ್ದೇನೆಂದರೆ, ಕದಿಯುವ ಅಗತ್ಯವೇ ಇರಲಿಲ್ಲ. ನೇರ ದಾರಿಗಳು ಮೂರಿದ್ದವು.

ಮೊದಲನೆಯದು, ಮಾನ್ಯತೆ ಪಡೆದ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಆಟೋಡೆಸ್ಕ್ ತನ್ನ ಸಾಫ್ಟ್‌ವೇರನ್ನು ಉಚಿತವಾಗಿ ಕೊಡುತ್ತದೆ. ವಿದ್ಯಾರ್ಥಿ ತನ್ನ ಹೆಸರಿನಲ್ಲಿ ಖಾತೆ ತೆರೆದು, ಕಾಲೇಜಿನ ದಾಖಲೆ ಕೊಟ್ಟು ಅರ್ಹತೆ ತೋರಿಸಬೇಕು. ಅವಧಿ ಒಂದು ವರ್ಷ, ಓದುತ್ತಿರುವವರೆಗೆ ನವೀಕರಿಸಬಹುದು. ಷರತ್ತು ಒಂದೇ: ಕಲಿಕೆಗೆ ಮಾತ್ರ. ಅದರಲ್ಲಿ ಮಾವನ ಮನೆಯ ಪ್ಲ್ಯಾನ್ ಬಿಡಿಸಿ 2 ಸಾವಿರ ತೆಗೆದುಕೊಂಡರೆ ಕರಾರು ಮುರಿದಂತೆ. ಖಾತೆಯಲ್ಲಿ ಹಾಕುವ ಹೆಸರು ಕಾಲೇಜಿನ ದಾಖಲೆಯಲ್ಲಿದ್ದ ಹಾಗೆಯೇ ಇರಲಿ. ನಮ್ಮ ಮಕ್ಕಳ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಬಗೆ, "ಮೊಹಮ್ಮದ್" ಒಂದರಲ್ಲಿ, ಬರೀ "ಎಂ.ಡಿ." ಇನ್ನೊಂದರಲ್ಲಿ. ಕೆಲವರ ಅರ್ಜಿ ತಿರಸ್ಕೃತವಾದದ್ದು ಈ ಕಾರಣದಿಂದಲೇ.

ಎರಡನೆಯದು, ಕಾಲೇಜು ಬಿಟ್ಟವರಿಗೆ, ಮನೆಯಲ್ಲಿದ್ದು ಕಲಿಯುವ ಹೆಣ್ಣುಮಕ್ಕಳಿಗೆ. ಅವರಿಗೆ ಆ ಉಚಿತ ಸೌಲಭ್ಯ ಸಿಗುವುದಿಲ್ಲ. ನಮ್ಮ ಕೇಂದ್ರ ಮಾನ್ಯತೆ ಪಡೆದ ಶಾಲೆಯಲ್ಲವಾದ್ದರಿಂದ ಕೇಂದ್ರದ ಹೆಸರಿನಲ್ಲೂ ನಾವು ಕೇಳಲಿಲ್ಲ. ಇವರಿಗಾಗಿ ಸ್ವತಂತ್ರ ತಂತ್ರಾಂಶಗಳಿವೆ. ಎರಡು ಆಯಾಮದ ನಕ್ಷೆಗೆ ಲಿಬ್ರೆಕ್ಯಾಡ್, ಮೂರು ಆಯಾಮಕ್ಕೆ ಫ್ರೀಕ್ಯಾಡ್ ಮತ್ತು ಬ್ಲೆಂಡರ್, ಕೋರೆಲ್‌ಡ್ರಾ ಬದಲಿಗೆ ಇಂಕ್‌ಸ್ಕೇಪ್, ಫೋಟೋಶಾಪ್ ಬದಲಿಗೆ ಗಿಂಪ್, ಪುಟವಿನ್ಯಾಸಕ್ಕೆ ಸ್ಕ್ರೈಬಸ್. ಇವುಗಳನ್ನು 16 ಕಂಪ್ಯೂಟರಿಗೂ ಹಾಕಬಹುದು, 1600ಕ್ಕೂ ಹಾಕಬಹುದು, ಗೆಳೆಯರಿಗೂ ಕೊಡಬಹುದು. ಹಂಚಿಕೊಳ್ಳಿ ಎಂದು ಅದರ ಲೈಸೆನ್ಸೇ ಹೇಳುತ್ತದೆ. ನಮ್ಮ ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಮಕ್ಕಳು ಇಂತಹ ತಂತ್ರಾಂಶಗಳಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಇದರಲ್ಲಿ ಕೊರತೆ ಇಲ್ಲವೆಂದು ಹೇಳುವುದಿಲ್ಲ. ಆಟೋಕ್ಯಾಡಿನ ಡಿಡಬ್ಲ್ಯುಜಿ ಫೈಲುಗಳು ಲಿಬ್ರೆಕ್ಯಾಡಿನಲ್ಲಿ ಎಲ್ಲವೂ ಸರಿಯಾಗಿ ತೆರೆಯುವುದಿಲ್ಲ, ಡಿಎಕ್ಸ್‌ಎಫ್ ರೂಪದಲ್ಲಿ ಕೊಟ್ಟು ತೆಗೆದುಕೊಳ್ಳಬೇಕು. ಆದರೆ ಪದರ ಎಂದರೇನು, ಅಳತೆ ಹಾಕುವುದು ಹೇಗೆ, ಸ್ಕೇಲ್ ಹಿಡಿದು ಮುದ್ರಿಸುವುದು ಹೇಗೆ ಎಂಬುದು ಎಲ್ಲದರಲ್ಲೂ ಒಂದೇ. ಕೈವಾರ ಯಾವ ಕಂಪನಿಯದಾದರೂ ವೃತ್ತ ವೃತ್ತವೇ.

ಮೂರನೆಯದು, ದುಡಿಮೆಗೆ ಬಳಸುವವರು ಹಣ ಕೊಟ್ಟೇ ಕೊಳ್ಳಬೇಕು. ಎರಡು ಆಯಾಮದ ಕೆಲಸವಷ್ಟೇ ಇದ್ದರೆ ಆಟೋಕ್ಯಾಡ್ ಎಲ್‌ಟಿ ಕಡಿಮೆ ಬೆಲೆಗೆ ಸಿಗುತ್ತದೆ. ಡಿಡಬ್ಲ್ಯುಜಿ ಫೈಲಿನಲ್ಲೇ ಕೆಲಸ ಮಾಡುವ ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯುಕ್ಯಾಡ್‌ನಂತಹ ಬೇರೆ ಕಂಪನಿಗಳವೂ ಇವೆ. ಬರೀ ನಕ್ಷೆ ತೆರೆದು ನೋಡಿ ಮುದ್ರಿಸಬೇಕಾದ ಮೇಸ್ತ್ರಿಗಳಿಗೆ ಡಿಡಬ್ಲ್ಯುಜಿ ಟ್ರೂವ್ಯೂ ಉಚಿತವಾಗಿದೆ.

ಎರಡು ತಿಂಗಳಲ್ಲಿ ನಾವು ಮಾಡಿದ ಕೆಲಸ ಇಷ್ಟು. ಮೊದಲು ಮಕ್ಕಳ ನಕ್ಷೆಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದು, ವೈರಸ್ ಪರೀಕ್ಷೆ ಮಾಡಿಸಿದೆವು. ಒಬ್ಬ ತಾಯಿ ಬಂದು "ನನ್ನ ಮಗಳ ಆರು ವಾರದ ಕೆಲಸ ಏನಾಯಿತು?" ಎಂದು ಜೋರು ಮಾಡಿದರು. ಅವರಿಗೆ ಸಿಟ್ಟು ಬರಬೇಕಾದದ್ದೇ. ಮಗಳ ಫೈಲುಗಳನ್ನು ತೆರೆದು ತೋರಿಸಿದ ಮೇಲೆ ಸಮಾಧಾನವಾಯಿತು. ನಂತರ ಪ್ರತಿ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಮಾಡಿದೆವು. ಯಾವುದಕ್ಕೆ ಎಷ್ಟು ಮೆಮೊರಿ ಇದೆ ಎಂದು ಪಟ್ಟಿ ಮಾಡಿದೆವು. ಆಟೋಕ್ಯಾಡಿನ 2020ರ ಆವೃತ್ತಿಯಿಂದ ಈಚಿನವು 64 ಬಿಟ್ ವಿಂಡೋಸಿನಲ್ಲಿ ಮಾತ್ರ ನಡೆಯುತ್ತವೆ, ನಮ್ಮ ಐದು ಹಳೆಯ ಕಂಪ್ಯೂಟರುಗಳಿಗೆ ಅದರ ಭಾರ ಹೊರಲಾಗದು. ಅವುಗಳಿಗೆ ಲಿನಕ್ಸ್ ಮತ್ತು ಲಿಬ್ರೆಕ್ಯಾಡ್ ಹಾಕಿದೆವು. ಉಳಿದವುಗಳಲ್ಲಿ ಕಾಲೇಜು ಮಕ್ಕಳು ತಮ್ಮ ತಮ್ಮ ಹೆಸರಿನ ಖಾತೆಯಿಂದ ಸೈನ್ ಇನ್ ಆಗಿ ಕಲಿಯುತ್ತಾರೆ, ಎದ್ದು ಹೋಗುವಾಗ ಸೈನ್ ಔಟ್ ಆಗುತ್ತಾರೆ. ಸಾಫ್ಟ್‌ವೇರನ್ನು ಕಂಪನಿಯ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳುತ್ತೇವೆ, ಪೆನ್‌ಡ್ರೈವಿನಿಂದಲ್ಲ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬೋಧಕರ ಕೈಯಲ್ಲಿ ಮಾತ್ರ.

ದಾಸ್ತಾನು ಪುಸ್ತಕದಲ್ಲಿ ಈಗ ಸಾಫ್ಟ್‌ವೇರಿಗೂ ಒಂದು ಪುಟ ಇದೆ. ಹೆಸರು, ಆವೃತ್ತಿ, ಲೈಸೆನ್ಸಿನ ಬಗೆ, ಯಾರ ಹೆಸರಿನಲ್ಲಿ, ಯಾವಾಗ ಮುಗಿಯುತ್ತದೆ, ಯಾವ ಕಂಪ್ಯೂಟರಿನಲ್ಲಿದೆ. ಪೊರಕೆಯ ಲೆಕ್ಕ ಇಟ್ಟವರು ಇದರ ಲೆಕ್ಕವನ್ನೂ ಇಡಬೇಕಿತ್ತು. ಮೆಮೊರಿ ಹೆಚ್ಚಿಸಿದ ಖರ್ಚನ್ನು ಖತೀಬರ ಸಲಹೆಯಂತೆ ಝಕಾತ್ ನಿಧಿಯಿಂದ ತೆಗೆಯದೆ ಸಾಮಾನ್ಯ ದೇಣಿಗೆಯಿಂದ ಭರಿಸಿದ್ದೇವೆ. ಲೆಕ್ಕಪತ್ರ ಈ ವರದಿಯಲ್ಲೇ ಇದೆ, ನೋಡಬಹುದು.

ಮಕ್ಕಳೇ, ಈ ವರ್ಷದ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಒಂದು ಹೊಸ ಕಲಂ ಸೇರಿದೆ. ವಿನ್ಯಾಸ, ಸಿವಿಲ್, ಮೆಕ್ಯಾನಿಕಲ್, ಆರ್ಕಿಟೆಕ್ಚರ್ ಓದುವವರು ಯಾವ ಸಾಫ್ಟ್‌ವೇರ್ ಬೇಕು, ಹೇಗೆ ಪಡೆಯುತ್ತೀರಿ ಎಂದು ಬರೆಯಬೇಕು. ಉಚಿತ ದಾರಿ ಇದ್ದರೆ ಅದನ್ನು ನಾವು ತೋರಿಸಿಕೊಡುತ್ತೇವೆ, ಕೊಳ್ಳಲೇಬೇಕಾದರೆ ಬಿಲ್ಲು ತೋರಿಸಿ ನೆರವು ಕೇಳಬಹುದು. ಖಾತೆ ತೆರೆಯಲು ಗೊತ್ತಾಗದವರು ಭಾನುವಾರ ಅಸರ್ ನಮಾಜಿನ ನಂತರ ಕೇಂದ್ರಕ್ಕೆ ಬನ್ನಿ. ಕಾಲೇಜಿನ ಗುರುತಿನ ಚೀಟಿ, ಶುಲ್ಕದ ರಶೀದಿ ತನ್ನಿ. ನಿಮ್ಮಲ್ಲಿ ಈಗ ಕ್ರ್ಯಾಕ್ ಪ್ರತಿ ಇದ್ದರೂ ನಾಚಿಕೊಂಡು ಮನೆಯಲ್ಲಿ ಕೂರಬೇಡಿ. ಯಾರನ್ನೂ ಬೈಯುವುದಿಲ್ಲ. ಬೈಯುವ ಹಕ್ಕು ನನಗಿಲ್ಲ.

ಕೊನೆಯದಾಗಿ ಆ ಹುಡುಗನ ವಿಷಯ. ಟ್ರಸ್ಟ್ ಅವನಲ್ಲಿ ಕ್ಷಮೆ ಕೇಳಬೇಕೆಂದು ನಾನು ಸಮಿತಿಯ ಮುಂದೆ ಇಟ್ಟೆ, ಎಲ್ಲರೂ ಒಪ್ಪಿದರು. ಅಧ್ಯಕ್ಷರೂ ನಾನೂ ಅವನ ಮನೆಗೆ ಹೋದೆವು. ಅವನ ಉಮ್ಮ ನಮಗೆ ತಿಂಡಿ ಕೊಟ್ಟು, "ಮಗ ಕಲಿತದ್ದು ನಿಮ್ಮಿಂದಲೇ ಅಲ್ಲವಾ ಟೀಚರ್" ಎಂದರು. ಅವರು ಕೃತಜ್ಞತೆಯಿಂದಲೇ ಹೇಳಿದ್ದು. ನನಗೆ ಮಾತ್ರ ಆ ಮಾತಿನ ಎರಡೂ ಅರ್ಥ ಕೇಳಿಸಿತು. ಈಗ ಭಾನುವಾರದ ತರಗತಿಯಲ್ಲಿ ಮಕ್ಕಳಿಗೆ ಖಾತೆ ತೆರೆದು ಕೊಡುವವನು ಅವನೇ. ಮೊದಲ ಪಾಠ ಅವನದೇ ಕಥೆ, ಅವನ ಬಾಯಿಂದಲೇ.

ದಾನಿಗಳು ನಮ್ಮ ಕೈಗೆ ಕೊಟ್ಟ ಹಣ ಅಮಾನತ್. ಪೋಷಕರು ಕಳಿಸಿದ ಮಕ್ಕಳು ಅದಕ್ಕಿಂತ ದೊಡ್ಡ ಅಮಾನತ್. ಅವರ ಕೈಗೆ ನಾವು ಕೊಡುವ ಉಪಕರಣವೂ ಅದರೊಳಗೇ ಬರುತ್ತದೆ. ನಮ್ಮ ತಪ್ಪುಗಳನ್ನು ಅಲ್ಲಾಹನು ಮನ್ನಿಸಲಿ, ಮಕ್ಕಳ ದುಡಿಮೆಯನ್ನು ಹಲಾಲ್ ಮಾಡಲಿ, ಅದರಲ್ಲಿ ಬರಕತ್ ನೀಡಲಿ. ಆಮೀನ್.